ಪೊರ್ಬುಗಳ ದವಡೆ

ಪೊರ್ಬುಗಳು ತೀರಿಕೊಂಡ ವಾರ ವಕೀಲರ ಸಂಘದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಸೌಮ್ಯ ಸ್ವಭಾವದವರು, ಮೃದುಭಾಷಿ, ಯಾರ ಮನಸ್ಸನ್ನೂ ನೋಯಿಸದವರು ಎಂದೆಲ್ಲ ಹೊಗಳಿದರು. ನಗು ತಡೆಯಲಾಗದೆ ನಾನು ಕೆಮ್ಮಿದಂತೆ ಮಾಡಿದೆ. ಅವರು ನನ್ನತ್ತ ಎಸೆದ ಪೇಪರ್‌ವೇಟಿನಿಂದ ಆಫೀಸಿನ ಕಪಾಟಿನ ಗಾಜು ಒಡೆದದ್ದು ಇವತ್ತಿಗೂ ಹಾಗೇ ಇದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬುದು ಸರಿ, ಆದರೆ ಸತ್ತವರು ಬೇರೆ ಯಾರೋ ಆಗಿಬಿಡಬಾರದಲ್ಲ.

ಪೊರ್ಬು ಎನ್ನುವುದು ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವ ರೀತಿ. ಅವರ ಊರು ವರ್ಕಾಡಿಯಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ, ಆದರೆ ಕಾಸರಗೋಡಿನ ಕೋರ್ಟಿನಲ್ಲಿ ಪೊರ್ಬುಗಳು ಎಂದರೆ ಇವರೊಬ್ಬರೇ. ಎದುರಿಗೆ ನಾನು ‘ಸರ್’ ಎನ್ನುತ್ತಿದ್ದೆ, ಹಿಂದಿನಿಂದ ಎಲ್ಲರಂತೆ ಪೊರ್ಬುಗಳು ಎನ್ನುತ್ತಿದ್ದೆ. ಕುಳ್ಳ ದೇಹ, ಅಗಲ ಭುಜ, ಸಿಟ್ಟು ಬಂದರೆ ಕಿವಿಯ ತುದಿ ಕೆಂಪಾಗುತ್ತಿತ್ತು. ಕಾರು ಇಟ್ಟುಕೊಂಡವರಲ್ಲ. ದಿನಾ ಬಸ್ಸಿನಲ್ಲಿ ಬಂದು, ಬಸ್ಸಿನಲ್ಲೇ ಹೋಗಿ, ದಾರಿಯುದ್ದಕ್ಕೂ ಯಾರದಾದರೂ ತಲೆ ತಿನ್ನುತ್ತಿದ್ದರು.

ನಾನು ಕಪ್ಪು ಕೋಟು ಹೊಸತಾಗಿ ಹೊಲಿಸಿಕೊಂಡು ಅವರ ಆಫೀಸಿಗೆ ಸೇರಿದ ಮೊದಲ ದಿನ, ಪೊಲೀಸ್ ಸ್ಟೇಷನ್ನಿನಿಂದ ಬಿಡುಗಡೆಯಾಗಿ ಬಂದ ಒಬ್ಬ ಕೂಲಿಯವನನ್ನು ಅವನ ಹೆಂಡತಿ ಕರೆತಂದಿದ್ದಳು. ಪೊರ್ಬುಗಳು ಅವನ ಹೆಸರು ಕೇಳಲಿಲ್ಲ, ಕೇಸು ಯಾವುದೆಂದೂ ಕೇಳಲಿಲ್ಲ. ಬಾಗಿಲಿನಿಂದ ಕಿಟಕಿಯವರೆಗೆ ನಡೆದು ತೋರಿಸು ಎಂದರು. ಅವನು ಬೆರಳುಗಳನ್ನು ಮೇಲೆತ್ತಿಕೊಂಡು, ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ, ಗೋಡೆ ಹಿಡಿದು ನಡೆದ. ಅಂಗಾಲು ತೋರಿಸಿದಾಗ ನಾನು ಮುಖ ತಿರುಗಿಸಿದೆ. ಚರ್ಮ ಒಡೆದಿರಲಿಲ್ಲ, ಆದರೆ ಇಡೀ ಅಂಗಾಲು ನೇರಳೆ ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಪೊಲೀಸರ ಲಾಠಿ ಏಟು ಹೊರಗೆ ಕಾಣದ ಜಾಗ ಅದು. ಮುಖ ತಿರುಗಿಸಿದ್ದಕ್ಕೆ ಪೊರ್ಬುಗಳು ಆ ಗಂಡಹೆಂಡಿರ ಎದುರಿಗೇ ನನ್ನನ್ನು ಬೈದರು. ನೋಡಲಾಗದಿದ್ದರೆ ಜಮೀನಿನ ಕೇಸು ನಡೆಸುವವರ ಹತ್ತಿರ ಹೋಗು, ಇಲ್ಲಿ ನೋಡುವುದೇ ಕೆಲಸ ಎಂದರು.

ಅವರ ಕೈಯೂ ಸುಮ್ಮನಿರುವ ಕೈಯಲ್ಲ. ಒಮ್ಮೆ ಕಕ್ಷಿದಾರನೊಬ್ಬ ಕುರ್ಚಿಗೆ ಒರಗಿಕೊಂಡು, ಹೆಂಡತಿಗೆ ನಾಲ್ಕು ಬಿಗಿದರೇನೇ ಮನೆ ನೆಟ್ಟಗಿರುವುದು ಎಂದು ನಗುತ್ತಾ ಹೇಳಿದ. ಪೊರ್ಬುಗಳು ಎದ್ದು ಅವನ ಕಾಲರು ಹಿಡಿದು ಎಳೆದುಕೊಂಡು ಹೋಗಿ ಮೆಟ್ಟಿಲಿನಿಂದ ಕೆಳಗೆ ದಬ್ಬಿದರು. ಅವನು ಉರುಳಿ ಬಿದ್ದ ಶಬ್ದ ಕೇಳಿ ಕೆಳಗಿನ ಜೆರಾಕ್ಸ್ ಅಂಗಡಿಯವರು ಓಡಿ ಬಂದರು. ಆಮೇಲೆ ನನ್ನನ್ನೇ ಕಳಿಸಿದರು, ಅವನ ಎಲುಬು ಗಿಲುಬು ಮುರಿದಿದೆಯಾ ನೋಡಿ ಬಾ ಎಂದು. ಮುರಿದಿರಲಿಲ್ಲ. ಮರುವಾರ ಅದೇ ಮನುಷ್ಯನಿಗೆ ಜಾಮೀನು ಕೊಡಿಸಲು ಅರ್ಧ ದಿನ ವಾದ ಮಾಡಿದರು. ಆ ಹೆಂಡತಿಯನ್ನು ಕರೆಸಿ ಬೇರೆ ವಕೀಲರನ್ನು ಹಿಡಿದುಕೊಟ್ಟದ್ದೂ ಅವರೇ. ಸೌಮ್ಯ ಸ್ವಭಾವ ಅಂತೆ.

ಮೊಗ್ರಾಲಿನ ಹತ್ತಿರ ಹೆದ್ದಾರಿ ಬದಿಯಲ್ಲಿ, ಮಕ್ಕಳನ್ನು ಕದಿಯಲು ಬಂದವನೆಂದು ಯಾರನ್ನೋ ಕರೆಂಟು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದ ದಿನ ಅವರು ಅದೇ ದಾರಿಯ ಬಸ್ಸಿನಲ್ಲಿದ್ದರು. ಬಸ್ಸು ನಿಲ್ಲಿಸಿ ಇಳಿದು, ಗುಂಪು ಸೀಳಿಕೊಂಡು ಹೋಗಿ, ಹಗ್ಗ ಬಿಚ್ಚಲು ಬಗ್ಗಿದರು. ಅವನಿಗೆ ಬೀಳಬೇಕಾದ ದೊಣ್ಣೆ ಅವರ ಬೆನ್ನಿಗೆ ಬಿತ್ತು. ಬಾಯಿಗೆ ಬಂದ ಹಾಗೆ ತುಳುವಿನಲ್ಲಿ ಬೈದಾಗಲೇ ಅಲ್ಲಿದ್ದವರಿಗೆ ಇದು ವಕೀಲ ಪೊರ್ಬುಗಳು ಎಂದು ಗೊತ್ತಾದದ್ದು. ಕಂಬದಲ್ಲಿದ್ದವನ ಒಂದು ಕಣ್ಣು ಆಗಲೇ ಹೋಗಿತ್ತು. ಅವನು ಕಂಬಳಿ ಮಾರುವವನು, ಮಕ್ಕಳಿಗೂ ಅವನಿಗೂ ಸಂಬಂಧವೇ ಇರಲಿಲ್ಲ.

ಹೊಡೆದ ಹುಡುಗರನ್ನು ಪೊಲೀಸರು ಹಿಡಿದು ತಂದು, ಸ್ಟೇಷನ್ನಿನಲ್ಲಿ ಅವರಲ್ಲೊಬ್ಬನ ಕಿವಿಯ ತಮಟೆ ಒಡೆಯುವಂತೆ ಬಾರಿಸಿದರು. ಆ ಹುಡುಗನ ಪರವಾಗಿ ನಿಂತದ್ದು ಯಾರು? ಇದೇ ಪೊರ್ಬುಗಳು, ಬೆನ್ನಿಗೆ ಮುಲಾಮು ಹಚ್ಚಿಕೊಂಡು. ನನಗೆ ತಲೆ ಕೆಟ್ಟುಹೋಯಿತು. ನಿಮಗೆ ನ್ಯಾಯ ಅನ್ಯಾಯ ಒಂದೂ ಇಲ್ಲವೇ ಎಂದು ನೇರವಾಗಿ ಕೇಳಿಯೇಬಿಟ್ಟೆ.

“ಅವರು ಮನುಷ್ಯನನ್ನು ಕಟ್ಟಿ ಹಾಕಿ ಹೊಡೆದರು. ಪೊಲೀಸರು ಎಂತ ಮಾಡಿದ್ದು? ಅದನ್ನೇ. ನನಗೆ ಎರಡಕ್ಕೂ ಸಿಟ್ಟು ಉಂಟು ಮಾರಾಯ್ತಿ” ಎಂದರು.

ಇನ್ನೊಮ್ಮೆ ಬೇರೊಬ್ಬ ಕಕ್ಷಿದಾರನನ್ನು ತೋರಿಸಿ, ಇವನು ಹಳೇ ಖದೀಮ, ಇವನಿಗೆಂಥ ಹಕ್ಕು ಎಂದು ಎಸ್‌ಐ ಒಬ್ಬ ಕೋರ್ಟಿನ ವರಾಂಡದಲ್ಲಿ ಕೇಳಿದ್ದಕ್ಕೆ, ಒಳ್ಳೆಯವರನ್ನು ಯಾರು ಹಿಡಿದು ತರುತ್ತಾರೆ ಸ್ವಾಮಿ, ಸಂವಿಧಾನದಲ್ಲಿ ಇದನ್ನು ಬರೆದಿಟ್ಟದ್ದೇ ನೀವು ಹಿಡಿಯುವಂಥವರಿಗಾಗಿ ಎಂದಿದ್ದರು. ಇಂಥ ಮಾತುಗಳನ್ನು ಕೇಳಿ ನಾನು ಹೆಮ್ಮೆ ಪಡುತ್ತಿದ್ದೆ. ಆಗ ಹಿಡಿಯಲ್ಪಟ್ಟವರು ಬೇರೆಯವರ ಮನೆಗೆ ನುಗ್ಗಿದವರು, ಬೇರೆಯವರನ್ನು ಕಡಿದವರು. ನಮ್ಮ ಮನೆಯ ರಕ್ತ ಇನ್ನೂ ಹರಿದಿರಲಿಲ್ಲ.

ನನ್ನ ತಮ್ಮ ಬದಿಯಡ್ಕ–ಕಾಸರಗೋಡು ದಾರಿಯಲ್ಲಿ ಖಾಸಗಿ ಬಸ್ಸಿನ ಡ್ರೈವರು. ಖಾಸಗಿ ಬಸ್ಸಿನವರ ಜಗಳ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಮುಂದಿನ ಬಸ್ಸು ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಜನವೆಲ್ಲ ಅದಕ್ಕೇ ಹತ್ತುತ್ತಾರೆ, ಆಮೇಲೆ ನಿಲ್ದಾಣದಲ್ಲಿ ಟೈಮಿಂಗಿನ ಹೆಸರಿನಲ್ಲಿ ಬಡಿದಾಟ. ತಮ್ಮ ಸಾಧುವೇನಲ್ಲ. ಬೇಕೆಂದೇ ನಿಲ್ಲಿಸುತ್ತಿದ್ದ, ಹಿಂದಿನವನು ಹಾರ್ನು ಹೊಡೆದಷ್ಟೂ ಇವನಿಗೆ ಖುಷಿ. ಹಿಂದಿನ ಬಸ್ಸಿನ ಡ್ರೈವರು ವರ್ಕಾಡಿ ಕಡೆಯವನು. ಒಂದು ಶನಿವಾರ ಮಧ್ಯಾಹ್ನ ಬದಿಯಡ್ಕದ ನಿಲ್ದಾಣದಲ್ಲಿ ಮಾತಿಗೆ ಮಾತು ಬೆಳೆದು, ಅವನು ಸೀಟಿನ ಅಡಿಯಿಂದ ಕತ್ತಿ ತೆಗೆದ. ತಲೆಗೆ ಬೀಸಿದ್ದನ್ನು ತಮ್ಮ ಎಡಗೈಯಿಂದ ತಡೆದ. ಎರಡು ಬೆರಳು ಬಸ್ಸಿನ ಮೆಟ್ಟಿಲ ಮೇಲೆ ಬಿದ್ದವು. ಕಂಡಕ್ಟರು ಹೆಗಲ ಮೇಲಿನ ಬೈರಾಸಿನಿಂದ ಕೈ ಸುತ್ತಿ, ಜ್ಯೂಸ್ ಅಂಗಡಿಯ ಐಸಿನಲ್ಲಿ ಬೆರಳುಗಳನ್ನು ಹಾಕಿಕೊಂಡು ಮಂಗಳೂರಿಗೆ ಹೊತ್ತುಕೊಂಡು ಹೋದ. ಅಲ್ಲಿ ಜೋಡಿಸಲಾಗಲಿಲ್ಲ. ಇನ್ನು ದೊಡ್ಡ ಗಾಡಿ ಓಡಿಸುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದಾಗ ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮರುದಿನ ಭಾನುವಾರ. ಕಡಿದವನನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮನೆಗೆ ತಂದರು. ಯಾರೂ ಇಲ್ಲದ ಆರೋಪಿಗಳ ಪರ ನಿಲ್ಲಲು ಸರಕಾರದ ಕಾನೂನು ನೆರವಿನಿಂದ ಆ ದಿನ ನೇಮಕವಾಗಿದ್ದದ್ದು ಪೊರ್ಬುಗಳು. ಇದು ನನ್ನ ಜೂನಿಯರಿನ ತಮ್ಮನ ಕೇಸು, ನಾನು ನಿಲ್ಲುವುದಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಬೇಕಿತ್ತು ಎಂದು ಇವತ್ತಿಗೂ ನನ್ನ ಅಭಿಪ್ರಾಯ. ಭಾನುವಾರ ಬೇರೆ ಯಾರು ಬರುತ್ತಾರೆ, ನಾನು ಬಿಟ್ಟರೆ ಅವನು ವಕೀಲರಿಲ್ಲದೆ ಜೈಲಿಗೆ ಹೋಗುತ್ತಾನೆ ಎಂಬುದು ಅವರು ನನಗೆ ಫೋನಿನಲ್ಲಿ ಕೊಟ್ಟ ಸಮಜಾಯಿಷಿ.

ಕೇರಳಕ್ಕೆ ಸೇರಿಹೋದ ನಮ್ಮ ಕಡೆಯ ಕನ್ನಡದವರಿಗೆ ಒಂದು ಅಭ್ಯಾಸವಿದೆ. ಕಚೇರಿಯಿಂದ ಮಲಯಾಳದಲ್ಲಿ ಯಾವ ಕಾಗದ ಬಂದರೂ, ಒಂದಕ್ಷರ ಓದಲಾಗದಿದ್ದರೂ, ತೋರಿಸಿದ ಜಾಗದಲ್ಲಿ ಕನ್ನಡದಲ್ಲಿ ಸಹಿ ಹಾಕಿಬಿಡುತ್ತೇವೆ. ಕೇಳಿದರೆ ಅವಮಾನ, ಕೇಳದಿದ್ದರೆ ಬೇಗ ಮನೆಗೆ ಹೋಗಬಹುದು. ಕನ್ನಡ ಶಾಲೆಯಲ್ಲಿ ಓದಿದ ಆ ಡ್ರೈವರನೂ ಅದನ್ನೇ ಮಾಡಿದ್ದ. ಹಿಡಿದವನಿಗೆ ಯಾಕೆ ಹಿಡಿದೆವೆಂದು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂಬುದು ಕಾನೂನು. ಪೊಲೀಸರು ಮಲಯಾಳದಲ್ಲಿ ಕೊಟ್ಟಿದ್ದರು. ಪೊರ್ಬುಗಳು ಆ ಕಾಗದದ ಕೆಳಗಿದ್ದ ದುಂಡಗಿನ ಕನ್ನಡ ಸಹಿಯನ್ನು ಮ್ಯಾಜಿಸ್ಟ್ರೇಟರಿಗೆ ತೋರಿಸಿ, ಇವನಿಗೆ ಬರುವ ಭಾಷೆ ಯಾವುದೆಂದು ಸ್ಟೇಷನ್ನಿನವರಿಗೆ ಕಣ್ಣೆದುರಿಗೇ ಇತ್ತಲ್ಲ ಎಂದರು. ಬಂಧನವೇ ಕಾನೂನುಬಾಹಿರವೆಂದು ಆದೇಶವಾಯಿತು. ಅವನು ಸಂಜೆಯೊಳಗೆ ಮನೆಯಲ್ಲಿದ್ದ. ಕನ್ನಡದಲ್ಲಿ ಬರೆಸಿ ಮರುದಿನವೇ ಮತ್ತೆ ಹಿಡಿಯಬಹುದಿತ್ತು. ಬರೆಯುವವರನ್ನು ಹುಡುಕುವುದರಲ್ಲೇ ಪೊಲೀಸರು ದಿನ ಕಳೆದರು, ಅಷ್ಟರಲ್ಲಿ ಅವನು ಗಲ್ಫಿನ ವಿಮಾನ ಹತ್ತಿದ್ದ.

ತೀರಿಕೊಂಡ ನಮ್ಮ ಅಪ್ಪ, ಕಚೇರಿಗಳಲ್ಲಿ ಕನ್ನಡ ಬೇಕು ಎಂದು ಬೋರ್ಡು ಹಿಡಿದು ಬಿಸಿಲಿನಲ್ಲಿ ಮೆರವಣಿಗೆ ಹೋದವರು. ಅವರು ಕೇಳಿದ ಕನ್ನಡ ಕೊನೆಗೆ ಸಿಕ್ಕಿದ್ದು ಅವರ ಮಗನ ಬೆರಳು ಕಡಿದವನಿಗೆ. ನಾನು ಸೋಮವಾರ ಆಫೀಸಿಗೆ ಹೋಗಿ ನನ್ನ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಸಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಪೇಪರ್‌ವೇಟು ಎಸೆಯುವ ಮನುಷ್ಯ ಆ ದಿನ ಕತ್ತು ಬಗ್ಗಿಸಿ ಎಲ್ಲ ಕೇಳಿಸಿಕೊಂಡರು. ಹೊರಡುವಾಗ, ತಮ್ಮನ ಕೈ ಹೇಗಿದೆ ಎಂದು ಕೇಳಿದರು. ನಾನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೆ.

ಕಡಿದವನು ಕೈಗೆ ಸಿಗಲಿಲ್ಲ. ಪೊರ್ಬುಗಳು ದಿನಾ ಅದೇ ಬಸ್ಸಿನಲ್ಲಿ ಬಂದು ಅದೇ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಒಂದು ಸಂಜೆ ಬಿಸಿಲಿಳಿಯುವ ಹೊತ್ತಿಗೆ ಅವರು ವರ್ಕಾಡಿಯಲ್ಲಿ ಇಳಿದು ಗದ್ದೆಯ ಬದುವಿನ ಮೇಲೆ ಮನೆಗೆ ನಡೆಯುತ್ತಿದ್ದಾಗ ನನ್ನ ತಮ್ಮ ಎದುರಿಗೆ ಬಂದ. ಅವನ ಬಲಗೈಯಲ್ಲಿ ಬಸ್ಸಿನ ಜಾಕಿನ ಕಬ್ಬಿಣದ ಸರಳಿತ್ತು. ಒಂದೇ ಏಟಿಗೆ ಎಡದವಡೆ ಮುರಿಯಿತು. ಬಿದ್ದವರ ಮೇಲೆ ನಿಂತು ಮತ್ತೆ ಹೊಡೆದ, ಭುಜಕ್ಕೆ, ಪಕ್ಕೆಗೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರು ಕಿರುಚಿಕೊಂಡು ಓಡಿ ಬರುವಾಗ ಪೊರ್ಬುಗಳು ಕೆಸರಿನಲ್ಲಿ ಕೂತು ಬಾಯಿಂದ ಹಲ್ಲುಗಳನ್ನು ಕೈಗೆ ಉಗುಳಿಕೊಳ್ಳುತ್ತಿದ್ದರಂತೆ. ಮಂಗಳೂರಿನ ಆಸ್ಪತ್ರೆಯಲ್ಲಿ ಮೇಲಿನ ದವಡೆಗೂ ಕೆಳಗಿನ ದವಡೆಗೂ ತಂತಿ ಬಿಗಿದು ಬಾಯಿ ಮುಚ್ಚಿದರು.

ವಕೀಲರ ಮೇಲೆ ಕೈ ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಸಂಘದ ಸಭೆ ಸೇರಿ, ಈ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದೆಂದು ತೀರ್ಮಾನಿಸಿತು. ಅದೇ ಸಭಾಂಗಣ, ಈಗ ಶ್ರದ್ಧಾಂಜಲಿ ನಡೆದದ್ದು. ವಕೀಲರ ಸಿಟ್ಟು ತಣಿಸಬೇಕೆಂದು ಪೊಲೀಸರು ತಮ್ಮನನ್ನು ಮನೆಯಿಂದ ಎಳೆದುಕೊಂಡು ಹೋದರು. ಯಾಕೆ ಹಿಡಿದೆವೆಂದು ಬರೆದ ಕಾಗದದ ಒಂದು ಪ್ರತಿಯನ್ನು ಈ ಸಲ ಅಮ್ಮನ ಕೈಗೂ ಕೊಟ್ಟರು. ಒಂದೂ ತಪ್ಪಿಲ್ಲದ ಅಚ್ಚುಕಟ್ಟಾದ ಕನ್ನಡ. ಅಷ್ಟು ಮಾತ್ರ ಕಲಿತಿದ್ದರು.

ಸ್ಟೇಷನ್ನಿನಲ್ಲಿ ಅವನನ್ನು ಬೆಂಚಿಗೆ ಬಿಗಿದು ಅಂಗಾಲಿಗೆ ಹೊಡೆದರು. ಮಾಡಿದ್ದು ನೀನೇ ಎಂದು ಒಪ್ಪಿಸುವುದಷ್ಟೇ ಅವರ ಉದ್ದೇಶವಾಗಿರಲಿಲ್ಲ. ಅಕ್ಕ ಹೇಳಿ ಕಳಿಸಿದ್ದಲ್ಲವಾ ಎಂದು ಕೇಳುತ್ತಿದ್ದರು. ಜೂನಿಯರೇ ಸೀನಿಯರನ್ನು ಹೊಡೆಸಿದಳು ಎಂದಾದರೆ ಕೇಸಿಗೆ ರುಚಿ ಬರುತ್ತದಲ್ಲ. ಅವನು ನನ್ನ ಹೆಸರೆತ್ತಲಿಲ್ಲ. ಹೊಡೆದದ್ದು ತಾನೆಂದೂ ಒಪ್ಪಲಿಲ್ಲ. ಗಾಯವಾದ ಎಡಗೈಯನ್ನು ಬೂಟಿನಿಂದ ಮೆಟ್ಟಿದರು. ಹೊಲಿಗೆ ಬಿಚ್ಚಿಕೊಂಡಿತು. ಹೊರಗಿನ ಮರದಡಿ ಕೂತಿದ್ದ ಅಮ್ಮನಿಗೆ ಮಗ ಕಿರುಚುವುದು ಕೇಳುತ್ತಿತ್ತು. ನಾನು ಒಳಗೆ ಹೋಗಲು ನೋಡಿದರೆ, ನೀವೂ ಆರೋಪಿಯಾಗಬಹುದು ಮೇಡಂ, ಹೊರಗಿರಿ ಎಂದರು. ಮರುದಿನ ಕೋರ್ಟಿಗೆ ತಂದು ಪೊಲೀಸ್ ಕಸ್ಟಡಿಗೆ ಕೇಳುತ್ತಾರೆ, ಕೊಟ್ಟರೆ ಅವನು ಜೀವಂತ ಬರುವುದು ಸಂಶಯ ಎಂದು ನನಗನ್ನಿಸಿತು.

ಅಮ್ಮ ಬಸ್ಸು ಹತ್ತಿ ಮಂಗಳೂರಿಗೆ ಹೋದಳು. ನನಗೆ ಹೇಳಿ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಪೊರ್ಬುಗಳ ಹಾಸಿಗೆಯ ಬದಿಯಲ್ಲಿ ನಿಂತು, ನನ್ನ ಮಗನನ್ನು ಕೊಲ್ಲುತ್ತಿದ್ದಾರೆ ಎಂದಷ್ಟೇ ಹೇಳಿದಳಂತೆ. ಅವರ ಹೆಂಡತಿ ಅಮ್ಮನನ್ನು ಹೊರಗೆ ಹಾಕಲು ಎದ್ದರು. ಪೊರ್ಬುಗಳು ಕೈ ಅಡ್ಡ ಹಿಡಿದರು.

ಮರುದಿನ ಕೋರ್ಟಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮ್ಮನ ಕೇಸು ಕರೆದಾಗ ಒಬ್ಬ ವಕೀಲನೂ ಎದ್ದು ನಿಲ್ಲಲಿಲ್ಲ. ನಾನು ಹಿಂದಿನ ಸಾಲಿನಲ್ಲಿದ್ದೆ. ಅಕ್ಕನೇ ಎದ್ದರೆ ಪೊಲೀಸರು ಹೇಳಿದ್ದು ನಿಜವೆಂದಾಗುತ್ತದೆ, ಏಳದಿದ್ದರೆ ಇವನು ಮತ್ತೆ ಆ ಬೆಂಚಿಗೆ ಹೋಗುತ್ತಾನೆ. ಆಗ ಬಾಗಿಲ ಹತ್ತಿರ ಜನ ಸರಿದರು. ಪೊರ್ಬುಗಳು ಒಳಗೆ ಬಂದರು. ತಲೆಯ ಸುತ್ತ ಬ್ಯಾಂಡೇಜು, ಮುಖ ಒಂದು ಕಡೆ ಹಲಸಿನ ಹಣ್ಣಿನಷ್ಟು ಊದಿತ್ತು. ಕಪ್ಪು ಕೋಟನ್ನು ಭುಜಕ್ಕೆ ಹೊದ್ದುಕೊಂಡಿದ್ದರು, ತೋಳು ತೂರಿಸಲು ಆಗಿರಲಿಲ್ಲ. ಸಂಘದ ಅಧ್ಯಕ್ಷರು ಧಾವಿಸಿ ಬಂದು ಕುರ್ಚಿ ಕೊಟ್ಟರು. ಅದರಲ್ಲಿ ಕೂರದೆ ಅವರು ಆರೋಪಿಯ ವಕೀಲರು ನಿಲ್ಲುವ ಜಾಗಕ್ಕೆ ಹೋಗಿ ನಿಂತರು.

ಅವರಿಗೆ ಮಾತಾಡಲು ಬಾಯಿ ಇರಲಿಲ್ಲ. ಹಿಂದೆ ತಿರುಗಿ ಸಾಲಿನಿಂದ ಸಾಲಿಗೆ ಹುಡುಕಿ ನನ್ನನ್ನು ಕಂಡು, ಬಾ ಎಂದು ಕೈ ಮಾಡಿದರು. ಹೋಗಿ ಅವರ ಪಕ್ಕದಲ್ಲಿ ನಿಂತೆ. ಅವರು ತಮ್ಮನ ಕಾಲಿನ ಕಡೆಗೆ ಬೆರಳು ತೋರಿಸಿದರು. ನನಗೆ ಬೇರೆ ಏನೂ ಹೇಳಿಕೊಡಬೇಕಿರಲಿಲ್ಲ. ಪೊಲೀಸರನ್ನು ಹೊರಗೆ ಕಳಿಸಿ ಆರೋಪಿಯನ್ನು ನಡೆಸಿ ನೋಡಬೇಕು ಎಂದು ಮ್ಯಾಜಿಸ್ಟ್ರೇಟರನ್ನು ಕೇಳಿಕೊಂಡೆ.

ತಮ್ಮ ಕಟಕಟೆಯಿಂದ ಇಳಿದು ಪಾದದ ಹೊರ ಅಂಚಿನ ಮೇಲೆ, ಬೆರಳು ಮೇಲೆತ್ತಿಕೊಂಡು, ಬೆಂಚು ಹಿಡಿದು ನಡೆದ. ಅರ್ಧಕ್ಕೆ ಕುಸಿದ. ಹತ್ತಿರ ನಿಂತವರು ಪೊರ್ಬುಗಳು, ಕೈ ಕೊಟ್ಟವರೂ ಅವರೇ. ತಾನು ಮುರಿದ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ತಮ್ಮ ಕಣ್ಣು ಮುಚ್ಚಿಕೊಂಡ. ಮ್ಯಾಜಿಸ್ಟ್ರೇಟರು ಅಂಗಾಲು ನೋಡಿದರು, ಬಿಚ್ಚಿದ ಹೊಲಿಗೆ ನೋಡಿದರು, ಕಂಡದ್ದನ್ನೆಲ್ಲ ತಾವೇ ಬರೆದುಕೊಂಡರು. ಪೊಲೀಸ್ ಕಸ್ಟಡಿ ಕೊಡಲಿಲ್ಲ. ಮೊದಲು ಆಸ್ಪತ್ರೆಗೆ, ಅಲ್ಲಿಂದ ಜೈಲಿಗೆ ಎಂದು ಆದೇಶ ಮಾಡಿ, ಹೊಡೆದವರ ಮೇಲೆ ವಿಚಾರಣೆಗೂ ಬರೆದರು. ಅಮ್ಮ ಹೊರಗೆ ಪೊರ್ಬುಗಳ ಕಾಲಿಗೆ ಬೀಳಲು ಹೋದಳು. ಅವರು ಸಿಟ್ಟಿನಿಂದ ಕೈ ಝಾಡಿಸಿ ಬಾಡಿಗೆ ಕಾರು ಹತ್ತಿದರು.

ನಾನು ಅವರ ಆಫೀಸಿಗೆ ವಾಪಸು ಹೋದೆ. ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ತಂತಿ ಬಿಚ್ಚಿದ ಮೇಲೆ ಅವರ ದವಡೆ ಒಂದು ಕಡೆಗೆ ವಾಲಿಕೊಂಡಿತು, ಬೈಗುಳಗಳೆಲ್ಲ ಅರ್ಧಂಬರ್ಧ ಹೊರಗೆ ಬರುತ್ತಿದ್ದವು. ಅದರಿಂದ ಅವರಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕೇಸು ವಿಚಾರಣೆಗೆ ಬಂದಾಗ ನಮ್ಮ ಮನೆಯಲ್ಲಿ ಒಂದು ಆಸೆ ಹುಟ್ಟಿತ್ತು. ತಮ್ಮನ ಪರ ಈಗ ಹೊರಗಿನ ಊರಿನ ವಕೀಲರು. ಬೀಡಿ ಕಟ್ಟುವ ಹೆಂಗಸರು ದೂರದಲ್ಲಿದ್ದರು, ಮುಖ ಗೊತ್ತಾಗಲಿಲ್ಲ ಎಂದಿದ್ದರು. ಇನ್ನುಳಿದದ್ದು ಪೊರ್ಬುಗಳ ಸಾಕ್ಷಿ. ಅವನನ್ನು ಸಾಯುವುದರಿಂದ ಉಳಿಸಿದವರು ಜೈಲಿಗೆ ಕಳಿಸುತ್ತಾರೆಯೇ ಎಂದು ಅಮ್ಮ ದೇವರ ಮುಂದೆ ದೀಪ ಹಚ್ಚಿ ಬಂದಿದ್ದಳು. ನಾನೂ ಹಾಗೇ ಎಣಿಸಿದ್ದೆ. ವಕೀಲರು ಅವರಿಗೆ ದಾರಿಯನ್ನು ತೆರೆದೇ ಇಟ್ಟರು. ಸಂಜೆಯ ಹೊತ್ತು, ತಟ್ಟನೆ ಬಿದ್ದ ಏಟು, ಹೊಡೆದವನ ಮುಖ ಸರಿಯಾಗಿ ಕಂಡಿರಲಿಕ್ಕಿಲ್ಲ ಅಲ್ಲವೇ ಎಂದು ಮೆತ್ತಗೆ ಕೇಳಿದರು.

ಪೊರ್ಬುಗಳು ನನ್ನ ತಮ್ಮನನ್ನೇ ನೋಡುತ್ತಾ ನಿಂತರು.

“ಬೆಳಕು ಇತ್ತು. ಕಂಡಿದ್ದೇನೆ. ಇವನೇ.”

ಹೊರಗೆ ವರಾಂಡದಲ್ಲಿ ಅಮ್ಮ ಅವರನ್ನು ಅಡ್ಡಗಟ್ಟಿದಳು. ಒಂದು ಮಾತು ಕಾಣಲಿಲ್ಲ ಎಂದಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು ಎಂದು ಕೇಳಿದಳು. ಅವರು ವಾಲಿದ ಬಾಯಿಯಿಂದ ನಿಧಾನಕ್ಕೆ ಹೇಳಿದರು:

“ಪೊಲೀಸರ ಸುಳ್ಳಿಗೆ ಇಷ್ಟು ವರ್ಷ ಬೈದದ್ದು ಎಂತಕ್ಕೆ ಅಮ್ಮ? ಈಗ ನಾನೇ ಸುಳ್ಳು ಹೇಳ್ಲಿಕ್ಕಾ?”

ಅಮ್ಮ ಮತ್ತೆ ಅವರ ಜೊತೆ ಮಾತಾಡಲಿಲ್ಲ. ತಮ್ಮನಿಗೆ ಶಿಕ್ಷೆಯಾಯಿತು. ನಾನು ಅವರ ಆಫೀಸು ಬಿಡಲಿಲ್ಲ, ಆದರೆ ಮನೆಯಲ್ಲಿ ಅವರ ಹೆಸರೆತ್ತುವಂತಿರಲಿಲ್ಲ. ಅವರು ಸತ್ತ ಸುದ್ದಿ ಹೇಳಿದಾಗಲೂ ಅಮ್ಮ ತೆಂಗಿನಕಾಯಿ ತುರಿಯುತ್ತಲೇ ಇದ್ದಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ಶ್ರದ್ಧಾಂಜಲಿ ಸಭೆಯ ಮರುದಿನ ನಾನು ಜೈಲಿಗೆ ಹೋದೆ. ಸುದ್ದಿ ಹೇಳಿದೆ. ತಮ್ಮ ಉಳಿದ ಮೂರು ಬೆರಳುಗಳಲ್ಲಿ ಜಾಲರಿ ಹಿಡಿದುಕೊಂಡು ನಿಂತಿದ್ದ. ಖುಷಿಪಡುತ್ತಾನೆಂದು ನಾನು ಎಣಿಸಿರಲಿಲ್ಲ, ಅಳುತ್ತಾನೆಂದೂ ಎಣಿಸಿರಲಿಲ್ಲ. ಅವನು ಅಳಲಿಲ್ಲ.

“ಸ್ಟೇಷನ್ನಲ್ಲಿ ಅಷ್ಟು ಹೊಡೆದರಲ್ಲ ಅಕ್ಕ, ಒಂದೊಂದು ಪೆಟ್ಟಿಗೂ ನಾನು ಮಾಡಿದ್ದು ಸರಿ ಅಂತಲೇ ಆಗ್ತಿತ್ತು. ಇವರು ಕೋರ್ಟಲ್ಲಿ ನನ್ನನ್ನು ನೋಡಿ ‘ಇವನೇ’ ಅಂದರು ನೋಡು, ಆಗ ಹೌದಲ್ಲ ಅನ್ನಿಸಿತು. ನಾನೇ ಅಂತ.”

ಹೊತ್ತು ಮುಗಿಯಿತೆಂದು ವಾರ್ಡರು ಕರೆದ. ತಮ್ಮ ಹೊರಟವನು ನಿಂತು, ಆ ಏಟು ಬಿದ್ದ ಮೇಲೆ ಅವರಿಗೆ ಅನ್ನ ಅಗಿದು ತಿನ್ನಲು ಆಗುತ್ತಿತ್ತೇ ಎಂದು ಕೇಳಿದ. ಆಗುತ್ತಿತ್ತು ಎನ್ನಬಹುದಿತ್ತು, ಅವನ ಮುಖ ಅದನ್ನೇ ಬೇಡುತ್ತಿತ್ತು.

ಇಲ್ಲ ಎಂದೆ. ಕೊನೆಯವರೆಗೂ ಆಗಲಿಲ್ಲ.